ಮುಚ್ಚಳಿಕೆ ಬರೆದುಕೊಟ್ಟು ರಾಯಭಾರಿಯಾದವರು: ವಿರಾಜಪೇಟೆಯ ಮುತ್ತಮ್ಮ ಮತ್ತು ವಿದೇಶಾಂಗ ಸೇವೆಯ ಒಳಗು

1949ರಲ್ಲಿ ಕೊಡಗಿನ ವಿರಾಜಪೇಟೆಯ ಇಪ್ಪತ್ತೈದು ವರ್ಷದ ಹೆಣ್ಣುಮಗಳೊಬ್ಬರು ಭಾರತದ ವಿದೇಶಾಂಗ ಸೇವೆಗೆ ಸೇರಿದರು. ಸೇರುವಾಗ ಸರ್ಕಾರ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡಿತು: ಮದುವೆಯಾದರೆ ಈ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ. ಅವರ ಜೊತೆ ಸೇರಿದ ಗಂಡಸರು ಯಾರೂ ಇಂಥದ್ದನ್ನು ಬರೆದುಕೊಡಬೇಕಾಗಿರಲಿಲ್ಲ. ಅವರ ಹೆಸರು ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಪರೀಕ್ಷೆ ಬರೆದು ಪಾಸಾಗಿ ಈ ಸೇವೆಗೆ ಬಂದ ದೇಶದ ಮೊದಲ ಮಹಿಳೆ. ಮೂರು ದೇಶಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು, ತಾವು ದುಡಿಯುತ್ತಿದ್ದ ಸರ್ಕಾರದ ಮೇಲೆಯೇ ಸುಪ್ರೀಂ ಕೋರ್ಟಿಗೆ ಹೋದರು, 1982ರಲ್ಲಿ ನಿವೃತ್ತರಾದರು.

ಶಿವಮೊಗ್ಗದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಮಕ್ಕಳಿಗೆ ಡಿಸಿ ಏನು ಮಾಡುತ್ತಾರೆ, ಎಸ್ಪಿ ಏನು ಮಾಡುತ್ತಾರೆ ಎಂದು ಹೇಳಿಕೊಡಬೇಕಾಗಿಲ್ಲ. ಅವರನ್ನು ಕಣ್ಣಾರೆ ನೋಡಿರುತ್ತಾರೆ. ಐಎಫ್‌ಎಸ್ ಅಂದಾಗ ಮಾತ್ರ ನಮ್ಮ ಕಡೆ ಮೊದಲು ನೆನಪಾಗುವುದು ಅರಣ್ಯ ಇಲಾಖೆಯ ಡಿಎಫ್‌ಒ ಸಾಹೇಬರು. ಅದು ಬೇರೆ ಸೇವೆ, ಅದರ ಮುಖ್ಯ ಪರೀಕ್ಷೆಯೂ ಬೇರೆ. ವಿದೇಶಾಂಗ ಸೇವೆಯ ಐಎಫ್‌ಎಸ್ ಅಧಿಕಾರಿ ನಮ್ಮ ಜಿಲ್ಲೆಯಲ್ಲಿ ಕಚೇರಿ ಇಟ್ಟು ಕೂರುವವರಲ್ಲ, ಹಾಗಾಗಿ ಅವರ ದಿನಚರಿ ಯಾರಿಗೂ ಕಾಣುವುದಿಲ್ಲ. ಕಾಣುವುದು ಟಿವಿಯಲ್ಲಿ ಕೈಕುಲುಕುವ ದೃಶ್ಯ ಒಂದೇ. ಈ ಕೆಲಸದ ಒಳಗು ಅರ್ಥವಾಗಬೇಕಾದರೆ ಮುತ್ತಮ್ಮನವರ ಬದುಕನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡುವುದು ಒಳ್ಳೆಯ ದಾರಿ ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಆಯ್ಕೆ, ನೇಮಕ, ವರ್ಗಾವಣೆ, ಬಡ್ತಿ ಹೀಗೆ ಈ ಸೇವೆಯ ಹಲವು ನಿಯಮಗಳು ಅವರನ್ನು ತಡೆದು ನಿಲ್ಲಿಸಿ ಪರೀಕ್ಷಿಸಿದವು. ಸಲೀಸಾಗಿ ಮೇಲೆ ಹೋದವರ ಕಥೆಯಲ್ಲಿ ನಿಯಮಗಳು ಕಣ್ಣಿಗೆ ಬೀಳುವುದೇ ಇಲ್ಲ.

ಮುತ್ತಮ್ಮ ಹುಟ್ಟಿದ್ದು 1924ರ ಜನವರಿ 24ರಂದು. ತಂದೆ ಅರಣ್ಯಾಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. ನಾಲ್ಕು ಮಕ್ಕಳನ್ನು ಓದಿಸಿಯೇ ತೀರುತ್ತೇನೆಂದು ನಿಂತವರು ತಾಯಿ. ಮಡಿಕೇರಿಯ ಸೇಂಟ್ ಜೋಸೆಫ್ಸ್ ಹೆಣ್ಣುಮಕ್ಕಳ ಶಾಲೆ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಚಿನ್ನದ ಪದಕಗಳೊಂದಿಗೆ ಪದವಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂಎ. ಗಂಡನನ್ನು ಕಳೆದುಕೊಂಡ ಹೆಂಗಸು ಆ ಕಾಲದಲ್ಲಿ ಮಗಳನ್ನು ಘಟ್ಟದಾಚೆ ಮದರಾಸಿಗೆ ಓದಲು ಕಳಿಸುವುದೆಂದರೆ ಸಣ್ಣ ಮಾತಾಗಿರಲಿಲ್ಲ. ಈ ಕಥೆಯಲ್ಲಿ ಆ ತಾಯಿಗೆ ಸಲ್ಲಬೇಕಾದ ಗೌರವ ಸಾಕಷ್ಟು ಸಂದಿಲ್ಲ.

ಸ್ವತಂತ್ರ ಭಾರತಕ್ಕೆ ತನ್ನದೇ ವಿದೇಶಾಂಗ ಸೇವೆ ಬೇಕೆಂದು ತೀರ್ಮಾನವಾದದ್ದು 1946ರ ಅಕ್ಟೋಬರ್ 9ರಂದು, ಮಧ್ಯಂತರ ಸರ್ಕಾರದ ಕಾಲದಲ್ಲಿ. ಅಲ್ಲಿಯವರೆಗೆ ಹೊರದೇಶಗಳ ಜೊತೆಗಿನ ವ್ಯವಹಾರವೆಲ್ಲ ಬ್ರಿಟಿಷರ ಕೈಯಲ್ಲಿತ್ತು. ಮೊದಮೊದಲು ಬ್ರಿಟಿಷರ ಕಾಲದ ನಾಗರಿಕ ಸೇವೆಯಾದ ಐಸಿಎಸ್‌ನ ಅಧಿಕಾರಿಗಳು, ಸೈನ್ಯದಿಂದ ಬಂದವರು, ಸಂಸ್ಥಾನಗಳಲ್ಲಿದ್ದವರು, ಹೀಗೆ ಸಿಕ್ಕ ಅನುಭವಿಗಳನ್ನು ಸೇರಿಸಿ ಸೇವೆ ಕಟ್ಟಿದರು. ಆಮೇಲೆ ಲೋಕಸೇವಾ ಆಯೋಗದ ಪರೀಕ್ಷೆಯಿಂದ ಹೊಸಬರನ್ನು ಆರಿಸತೊಡಗಿದರು. ಮುತ್ತಮ್ಮ ಆ ಮೊದಲ ತಂಡಗಳಲ್ಲಿ ಒಂದರಲ್ಲಿ ಬಂದವರು.

ಪರೀಕ್ಷೆಯಲ್ಲಿ ಆಗ ಲಿಖಿತ ಭಾಗ, ಸಂದರ್ಶನ ಎಂದು ಎರಡು ಹಂತ. ಉತ್ತರಪತ್ರಿಕೆಯಲ್ಲಿ ಹೆಸರಿರುವುದಿಲ್ಲ, ಬರೆದವರು ಗಂಡೋ ಹೆಣ್ಣೋ ತಿದ್ದುವವರಿಗೆ ತಿಳಿಯದು. ಸಂದರ್ಶನದಲ್ಲಿ ಎಲ್ಲವೂ ಎದುರಿಗೇ ಇರುತ್ತದೆ. ಇದು ಹೆಣ್ಣಿಗೆ ತಕ್ಕ ಕೆಲಸವಲ್ಲ ಎಂದು ಆಯೋಗದ ಅಧ್ಯಕ್ಷರೇ ತನ್ನ ಮನಸ್ಸು ತಿರುಗಿಸಲು ನೋಡಿದರು, ಮೌಖಿಕ ಪರೀಕ್ಷೆಯಲ್ಲಿ ಕನಿಷ್ಠ ಅಂಕ ಬರುವಂತೆ ಪ್ರಭಾವ ಬೀರಿದ್ದಾಗಿ ಮುಂದೊಮ್ಮೆ ಅವರೇ ಹೇಳಿದರು ಎಂದು ಮುತ್ತಮ್ಮ ಮೂವತ್ತು ವರ್ಷಗಳ ನಂತರ ಸುಪ್ರೀಂ ಕೋರ್ಟಿನ ಮುಂದೆ ಇಟ್ಟ ದೂರಿನಲ್ಲಿದೆ. ಅಷ್ಟಾದರೂ ಅವರು ಆಯ್ಕೆಯಾದರು. ಲಿಖಿತ ಪರೀಕ್ಷೆಯಲ್ಲಿ ಎಷ್ಟು ಮುಂದಿದ್ದಿರಬೇಕು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಭಾರತದ ಮೊದಲ ಮಹಿಳಾ ರಾಯಭಾರಿ ವಿಜಯಲಕ್ಷ್ಮಿ ಪಂಡಿತ್, 1947ರಲ್ಲಿ ಮಾಸ್ಕೋಗೆ ಹೋದವರು. ಅದು ರಾಜಕೀಯ ನೇಮಕ. ಸಾರ್ವಜನಿಕ ಜೀವನದಲ್ಲಿ ಹೆಸರು ಮಾಡಿದವರನ್ನು ಸರ್ಕಾರ ನೇರವಾಗಿ ರಾಯಭಾರಿಯಾಗಿ ಕಳಿಸಬಹುದು, ಈಗಲೂ ಕಳಿಸುತ್ತದೆ. ಕೆಳಗಿನ ಹುದ್ದೆಯಿಂದ ಸೇವೆ ಆರಂಭಿಸಿ ರಾಯಭಾರಿಯಾದ ಮೊದಲ ಮಹಿಳೆ ಮುತ್ತಮ್ಮ.

ಇಕ್ಕೇರಿಗೆ ಬಂದ ರಾಯಭಾರಿ

ರಾಯಭಾರಿ ಮಾಡುವ ಕೆಲಸ ಏನು? ಇದಕ್ಕೆ ಉತ್ತರ ಹುಡುಕಲು ದೆಹಲಿಗೆ ಹೋಗಬೇಕಾಗಿಲ್ಲ, ಸಾಗರದ ಪಕ್ಕದ ಇಕ್ಕೇರಿ ಸಾಕು.

1623ರ ಕೊನೆಯ ತಿಂಗಳುಗಳಲ್ಲಿ ಗೋವಾದ ಪೋರ್ಚುಗೀಸ್ ವೈಸರಾಯ್ ಕೆಳದಿಯ ಅರಸ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳಿಸಿದ. ಜೊತೆಗೆ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿಯೂ ಬಂದ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ದಾರಿಯಲ್ಲಿ ದೇವಸ್ಥಾನದ ಜಗಲಿಯ ಮೇಲೆ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯುತ್ತ, ಒಟ್ಟಾಗಿ ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಅವನು ಬರೆದಿಟ್ಟ. ಮಲೆನಾಡಿನ ಆ ಕಾಲದ ಕಲಿಕೆಯ ಬಗ್ಗೆ ಅಷ್ಟು ಸ್ಪಷ್ಟವಾದ ಇನ್ನೊಂದು ಚಿತ್ರ ಸಿಗುವುದು ಕಷ್ಟ.

ಆ ರಾಯಭಾರ ಬಂದದ್ದು ಏತಕ್ಕೆ? ಮುಖ್ಯವಾಗಿ ಎರಡು ವಿಷಯ. ಒಂದು, ಮೆಣಸಿನಕಾಳಿನ ವ್ಯಾಪಾರ. ಪೋರ್ಚುಗೀಸರಿಗೆ ಬೇಕಾದ ಮೆಣಸು ನಾಯಕನ ಸೀಮೆಯಲ್ಲಿ ಬೆಳೆಯುತ್ತಿತ್ತು. ಎರಡು, ಮಂಗಳೂರು ಕಡೆಯ ಬಂಗ ಅರಸನ ಪ್ರಶ್ನೆ. ಅವನು ಪೋರ್ಚುಗೀಸರ ಸ್ನೇಹಿತ, ಅವನ ನೆಲವನ್ನು ವೆಂಕಟಪ್ಪ ಹಿಡಿದಿದ್ದ. ಇತ್ತ ವೆಂಕಟಪ್ಪನೂ ಸುಮ್ಮನೆ ಕೂತಿರಲಿಲ್ಲ. ಗೋವಾದಲ್ಲಿ ಅವನ ಕಡೆಯ ರಾಯಭಾರಿಯಾಗಿ ವಿಠ್ಠಲ ಶೆಣೈ ಇದ್ದ, ಇಕ್ಕೇರಿಗೆ ಬರುವಾಗ ಈ ತಂಡದ ಜೊತೆ ಅವನೂ ಇದ್ದ. ಎದುರಿನವರ ಭಾಷೆ, ಬಲ, ದೌರ್ಬಲ್ಯ ಎಲ್ಲ ಬಲ್ಲ ಮನುಷ್ಯನೊಬ್ಬ ಅವರ ಊರಲ್ಲೇ ನೆಲೆಸಿ ತನ್ನ ಅರಸನಿಗೆ ಸುದ್ದಿ ಮುಟ್ಟಿಸುವುದು, ಅರಸನ ಮಾತನ್ನು ಅವರಿಗೆ ಮುಟ್ಟಿಸುವುದು. ಕೆಲಸದ ತಿರುಳು ಅಂದಿಗೂ ಇದೇ, ಇಂದಿಗೂ ಇದೇ.

ಇಂದು ರಾಯಭಾರ ಕಚೇರಿಯೊಳಗೆ ಈ ಕೆಲಸವನ್ನು ವಿಭಾಗ ಮಾಡಿ ಹಂಚಿರುತ್ತಾರೆ. ರಾಜಕೀಯ ವಿಭಾಗದವರು ಆ ದೇಶದ ಪತ್ರಿಕೆ ಓದುತ್ತಾರೆ, ಮಂತ್ರಿಗಳನ್ನೂ ವಿರೋಧ ಪಕ್ಷದವರನ್ನೂ ಭೇಟಿಯಾಗುತ್ತಾರೆ, ನಾಳೆ ಏನಾಗಬಹುದೆಂದು ದೆಹಲಿಗೆ ವರದಿ ಬರೆಯುತ್ತಾರೆ. ಗುಟ್ಟಿನ ವರದಿ ಸಂಕೇತ ಲಿಪಿಯಲ್ಲಿ ಹೋಗುತ್ತದೆ. ವಾಣಿಜ್ಯ ವಿಭಾಗ ಯಾವ ಸರಕಿಗೆ ಎಲ್ಲಿ ಬೇಡಿಕೆ, ಎಲ್ಲಿ ಸುಂಕ ಎಂದು ನೋಡುತ್ತದೆ. ಕಾನ್ಸುಲರ್ ವಿಭಾಗ ಪಾಸ್‌ಪೋರ್ಟ್, ವೀಸಾ, ಜೈಲಿನಲ್ಲಿರುವ ಭಾರತೀಯರು, ಸತ್ತವರ ದೇಹ ಊರಿಗೆ ಕಳಿಸುವುದು, ಇವನ್ನೆಲ್ಲ ನೋಡಿಕೊಳ್ಳುತ್ತದೆ. ಆತಿಥೇಯ ದೇಶದ ಸಚಿವಾಲಯಕ್ಕೆ ಬರೆಯುವ ದಿನನಿತ್ಯದ ಪತ್ರಕ್ಕೂ ಒಂದು ರೂಢಿಯಿದೆ. ನೋಟ್ ವರ್ಬಾಲ್ ಎಂಬ ಆ ಪತ್ರದಲ್ಲಿ ‘ನಾನು’, ‘ನಾವು’ ಇರುವುದಿಲ್ಲ, ಪೂರ್ತಿ ಸಹಿಯೂ ಇರುವುದಿಲ್ಲ. ‘ಭಾರತದ ರಾಯಭಾರ ಕಚೇರಿಯು ತನ್ನ ವಂದನೆಗಳನ್ನು ಸಲ್ಲಿಸುತ್ತಾ’ ಎಂದು ಶುರುವಾಗಿ ಮೊಹರಿನೊಂದಿಗೆ ಮುಗಿಯುತ್ತದೆ. ಬರೆದ ಅಧಿಕಾರಿ ಕಾಣುವುದೇ ಇಲ್ಲ, ಕಾಣುವುದು ದೇಶ.

ಕಾನ್ಸುಲರ್ ಕೆಲಸದ ಬೆಲೆ ನಮ್ಮ ಜಿಲ್ಲೆಗೆ ಚೆನ್ನಾಗಿ ತಿಳಿದದ್ದು 2023ರ ಏಪ್ರಿಲ್‌ನಲ್ಲಿ. ಸುಡಾನಿನಲ್ಲಿ ಸೈನ್ಯದ ಎರಡು ಬಣಗಳು ಬಡಿದಾಡಿಕೊಳ್ಳಲು ಶುರುಮಾಡಿದಾಗ ಅಲ್ಲಿ ಗಿಡಮೂಲಿಕೆ ಮಾರಲು ಹೋಗಿದ್ದ ಶಿವಮೊಗ್ಗ, ಚನ್ನಗಿರಿ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಹಾಕಿಕೊಂಡರು. ಅವರನ್ನು ಕರೆತಂದದ್ದು ಆಪರೇಷನ್ ಕಾವೇರಿ. ಹಡಗು, ವಿಮಾನ ಎಲ್ಲರಿಗೂ ಕಂಡವು. ಅದಕ್ಕೂ ಮೊದಲು ಇನ್ನೊಂದು ಕೆಲಸ ಆಗಬೇಕಿತ್ತು. ಗುಂಡು ಹಾರುವ ಊರಿನಿಂದ ಪೋರ್ಟ್ ಸುಡಾನ್ ಬಂದರಿಗೆ ಬಸ್ಸು ಹೋಗಬೇಕಾದರೆ ಹೊಡೆದಾಡುವ ಎರಡೂ ಕಡೆಯವರು ದಾರಿ ಬಿಡಬೇಕು. ಅಲ್ಲಿಂದ ಸಮುದ್ರ ದಾಟಿ ಜೆಡ್ಡಾಕ್ಕೆ ಬಂದರೆ ಸೌದಿ ಸರ್ಕಾರ ಇಳಿಯಲು ಬಿಡಬೇಕು. ಇಂಥ ಒಪ್ಪಿಗೆಗಳು ಫೋನಿನಲ್ಲಿ ಒಂದೇ ದಿನಕ್ಕೆ ದಕ್ಕುವುದು ವರ್ಷಗಟ್ಟಲೆ ಕಾಪಾಡಿಕೊಂಡ ಪರಿಚಯ, ನಂಬಿಕೆ ಇದ್ದಾಗ ಮಾತ್ರ. ರಾಯಭಾರಿ ಸುಮ್ಮನೆ ಊಟಕ್ಕೆ ಕರೆಯುತ್ತಾರೆ, ಪಾರ್ಟಿ ಮಾಡುತ್ತಾರೆ ಎಂದು ಹಗುರವಾಗಿ ಮಾತಾಡುವವರು ಈ ಒಂದು ಘಟನೆಯನ್ನು ನೆನಪಿಡಬೇಕು.

ಅಡಿಕೆಯ ಮಾತು ಬಾರದೆ ಮಲೆನಾಡಿನಲ್ಲಿ ಯಾವ ಮಾತೂ ಮುಗಿಯದು. ವಿದೇಶಿ ಅಡಿಕೆ ಅಗ್ಗಕ್ಕೆ ನುಗ್ಗದಂತೆ ಸರ್ಕಾರ ಕನಿಷ್ಠ ಆಮದು ಬೆಲೆ ಗೊತ್ತುಮಾಡಿದೆ. ಕೆಜಿಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರುವರಿಯಲ್ಲಿ 351 ಆಯಿತು. ಅದಕ್ಕೂ ಕೆಲವು ತಿಂಗಳು ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಬೆಲೆಯ ಕಟ್ಟಳೆಯಿಲ್ಲದೆ ಜೈಗಾಂವ್ ಗಡಿಯ ಮೂಲಕ ತರಿಸಲು ಕೇಂದ್ರ ಒಪ್ಪಿತು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಬೆಳೆಗಾರರು ಸಿಟ್ಟಾದರು, ಸಿಟ್ಟಿಗೆ ಕಾರಣವೂ ಇತ್ತು. ಆದೇಶ ಹೊರಡಿಸುವುದು ವಾಣಿಜ್ಯ ಸಚಿವಾಲಯದ ಕಚೇರಿ. ಅದರ ಹಿಂದೆ ಮಾತ್ರ ನೆರೆಹೊರೆಯ ಲೆಕ್ಕ ಇರುತ್ತದೆ. ಭೂತಾನಿನ ಮೇಲ್ಗಡಿಯಲ್ಲಿ ಚೀನಾ ಇದೆ, 2017ರಲ್ಲಿ ಡೋಕ್ಲಾಮ್‌ನಲ್ಲಿ ಎರಡು ಸೈನ್ಯಗಳು ಎದುರುಬದುರು ನಿಂತದ್ದು ಅದೇ ಮೂಲೆಯಲ್ಲಿ. ಅಲ್ಲಿನ ನದಿಗಳ ವಿದ್ಯುತ್ ನಮಗೆ ಬರುತ್ತದೆ. ಇಂಥ ಸ್ನೇಹಿತ ದೇಶ ತನ್ನ ರೈತರ ಅಡಿಕೆ ಕೊಳ್ಳಿ ಎಂದರೆ ದೆಹಲಿ ಸುಲಭವಾಗಿ ಇಲ್ಲ ಅನ್ನಲಾರದು. ತೂಕದ ತಕ್ಕಡಿಯಲ್ಲಿ ಒಂದು ಕಡೆ ತೀರ್ಥಹಳ್ಳಿಯ ತೋಟ, ಇನ್ನೊಂದು ಕಡೆ ಹಿಮಾಲಯದ ಗಡಿ. ನನ್ನ ಮಟ್ಟಿಗೆ, ಬೆಳೆಗಾರರ ಮಾತು ಆ ತಕ್ಕಡಿಗೆ ತಲುಪುವ ಮೊದಲೇ ತೀರ್ಮಾನವಾಗುವುದು ಸರಿಯಲ್ಲ. ಆದರೆ ತಕ್ಕಡಿಯಲ್ಲಿ ಇನ್ನೊಂದು ಬಟ್ಟಲು ಇದೆ ಎಂಬುದನ್ನು ನಾವೂ ಅರಿತು ವಾದಿಸಿದರೆ ನಮ್ಮ ವಾದಕ್ಕೆ ಬಲ ಬರುತ್ತದೆ.

ಮೆಣಸಿನದೂ ಇಂಥದ್ದೇ ಕಥೆ. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದಡಿ ಅಲ್ಲಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಂ ಮೆಣಸಿಗೆ ಶ್ರೀಲಂಕಾದ ಹೆಸರು ಹಚ್ಚಿ ಕಳಿಸುತ್ತಾರೆಂಬ ದೂರು ಬೆಳೆಗಾರರದ್ದು. ಸರಕು ಯಾವ ದೇಶದಲ್ಲಿ ಬೆಳೆದದ್ದು ಎಂದು ಹೇಳುವ ಒಂದು ಹಾಳೆ, ಮೂಲ ಪ್ರಮಾಣಪತ್ರ, ಅದರ ನಿಯಮಗಳನ್ನು ಸಂಧಾನದ ಮೇಜಿನ ಮೇಲೆ ಎಷ್ಟು ಬಿಗಿಯಾಗಿ ಬರೆದಿದ್ದಾರೆ ಎಂಬುದರ ಮೇಲೆ ನಮ್ಮ ಮೆಣಸಿನ ಬಳ್ಳಿಯ ಬೆಲೆ ನಿಂತಿದೆ.

ಪ್ಯಾರಿಸ್‌ನಿಂದ ಹೇಗ್‌ವರೆಗೆ

ಮುತ್ತಮ್ಮನವರ ಮೊದಲ ಹುದ್ದೆ ಪ್ಯಾರಿಸ್‌ನಲ್ಲಿ. ಮುಂದೆ ರಂಗೂನ್, ಲಂಡನ್, ನಡುವೆ ದೆಹಲಿಯ ಸಚಿವಾಲಯದಲ್ಲಿ ಪಾಕಿಸ್ತಾನ ಮತ್ತು ಅಮೆರಿಕದ ವ್ಯವಹಾರ ನೋಡುವ ವಿಭಾಗಗಳು. ಈ ಸೇವೆಯಲ್ಲಿ ಬದುಕು ಹೀಗೆಯೇ ಸಾಗುತ್ತದೆ. ಹೊಸಬರು ಥರ್ಡ್ ಸೆಕ್ರೆಟರಿ, ಆಮೇಲೆ ಸೆಕೆಂಡ್, ಫಸ್ಟ್ ಸೆಕ್ರೆಟರಿ, ಕೌನ್ಸೆಲರ್, ಮಿನಿಸ್ಟರ್. ಇಲ್ಲಿ ಮಿನಿಸ್ಟರ್ ಎಂದರೆ ಮಂತ್ರಿಯಲ್ಲ, ರಾಯಭಾರ ಕಚೇರಿಯ ಒಂದು ದರ್ಜೆ. ದೆಹಲಿಗೆ ಬಂದರೆ ಅಂಡರ್ ಸೆಕ್ರೆಟರಿಯಿಂದ ಜಾಯಿಂಟ್ ಸೆಕ್ರೆಟರಿವರೆಗೆ ಬೇರೆಯೇ ಹೆಸರುಗಳು. ಎಲ್ಲರ ಮೇಲೆ ವಿದೇಶಾಂಗ ಕಾರ್ಯದರ್ಶಿ.

ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಬೇಕು. ಮಕ್ಕಳ ಶಾಲೆ ಬದಲಾಗುತ್ತದೆ, ಶಾಲೆಯ ಭಾಷೆಯೂ ಬದಲಾಗುತ್ತದೆ. ಊರಲ್ಲಿ ತಂದೆತಾಯಿಗೆ ಹುಷಾರಿಲ್ಲವೆಂದರೆ ಬಂದು ಮುಟ್ಟುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಒಳ್ಳೆಯ ಊರು, ಕಷ್ಟದ ಊರು ಎಂದು ಹುದ್ದೆಗಳಿಗೂ ವರ್ಗಗಳಿವೆ. ಯುದ್ಧ, ರೋಗ, ಒಂಟಿತನ ಇರುವ ಕಡೆಗಳಿಗೂ ಸರದಿಯ ಮೇಲೆ ಹೋಗಲೇಬೇಕು.

ಮುತ್ತಮ್ಮ ಮದುವೆಯಾಗಲಿಲ್ಲ. ಆ ಕಾಲದ ಹೆಣ್ಣು ಅಧಿಕಾರಿಗಳ ಮುಂದೆ ಸೇವೆಯೋ ಸಂಸಾರವೋ ಎಂಬ ಆಯ್ಕೆಯನ್ನು ನಿಯಮವೇ ತಂದು ನಿಲ್ಲಿಸಿತ್ತು. ಇದು ಭಾರತವೊಂದರದೇ ಸಣ್ಣತನವಲ್ಲ. ಬ್ರಿಟನ್ನಿನ ರಾಯಭಾರ ಸೇವೆಯಲ್ಲೂ ಮದುವೆಯಾದ ಹೆಣ್ಣು ಕೆಲಸ ಬಿಡಬೇಕೆಂಬ ನಿಯಮ 1973ರವರೆಗೆ ಇತ್ತು. ಆದರೆ ಲಿಂಗದ ಆಧಾರದ ಮೇಲೆ ಭೇದ ಕೂಡದು ಎಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ ನಮ್ಮದು. ನಾವು ಬ್ರಿಟನ್ನಿನ ಕಡೆ ಬೆರಳು ತೋರಿಸಿ ಸಮಾಧಾನ ಮಾಡಿಕೊಳ್ಳುವಂತಿಲ್ಲ.

1970ರಲ್ಲಿ ಅವರು ಹಂಗೇರಿಗೆ ರಾಯಭಾರಿಯಾದರು. ಆಮೇಲೆ ಘಾನಾ, ಕೊನೆಗೆ ನೆದರ್ಲೆಂಡ್ಸ್‌ನ ಹೇಗ್. ಈ ಮೂರರಲ್ಲಿ ಬುಡಾಪೆಸ್ಟ್ ಮತ್ತು ಹೇಗ್‌ನಲ್ಲಿ ಅವರು ರಾಯಭಾರಿ, ಘಾನಾದ ರಾಜಧಾನಿ ಅಕ್ರಾದಲ್ಲಿ ಹೈಕಮಿಷನರ್. ಬ್ರಿಟಿಷರ ಆಳ್ವಿಕೆಯ ಕೊಂಡಿಯಿಂದ ಬೆಳೆದ ಕಾಮನ್‌ವೆಲ್ತ್ ಕೂಟದ ದೇಶಗಳು ಪರಸ್ಪರ ಕಳಿಸಿಕೊಳ್ಳುವ ರಾಯಭಾರಿಗೆ ಹೈಕಮಿಷನರ್ ಎನ್ನುತ್ತಾರೆ. ದರ್ಜೆ ಒಂದೇ, ಕೆಲಸವೂ ಒಂದೇ. ಕಾನ್ಸುಲ್ ಜನರಲ್ ಬೇರೆ. ರಾಜಧಾನಿ ಬಿಟ್ಟು ದೊಡ್ಡ ನಗರಗಳಲ್ಲಿ ಕೂತು ವ್ಯಾಪಾರ, ವೀಸಾ, ಪ್ರಜೆಗಳ ಹಿತ ನೋಡಿಕೊಳ್ಳುವವರು ಅವರು.

ರಾಯಭಾರಿಯ ಹೆಸರನ್ನು ಸರ್ಕಾರ ಒಮ್ಮೆಲೇ ಪ್ರಕಟಿಸುವುದಿಲ್ಲ. ಇಂಥವರನ್ನು ಕಳಿಸಬೇಕೆಂದಿದ್ದೇವೆ, ನಿಮಗೆ ಒಪ್ಪಿಗೆಯೇ ಎಂದು ಆ ದೇಶವನ್ನು ಮೊದಲು ಗುಟ್ಟಾಗಿ ಕೇಳಬೇಕು. ಆ ದೇಶ ಬೇಡವೆಂದರೆ ಕಾರಣ ಹೇಳಬೇಕಾಗಿಲ್ಲ. ಒಪ್ಪಿದ ಮೇಲೆ ನಮ್ಮ ರಾಷ್ಟ್ರಪತಿಗಳು ಸಹಿ ಮಾಡಿದ ಅಧಿಕಾರ ಪತ್ರವನ್ನು ಹೊಸ ರಾಯಭಾರಿ ಕೊಂಡೊಯ್ದು ಆ ದೇಶದ ಮುಖ್ಯಸ್ಥರ ಕೈಗೆ ಒಪ್ಪಿಸಬೇಕು. ಅಧಿಕೃತವಾಗಿ ರಾಯಭಾರ ಶುರುವಾಗುವುದು ಆಮೇಲೆ. ಮುತ್ತಮ್ಮ ಬುಡಾಪೆಸ್ಟಿಗೆ ಹೋದಾಗ ಹಂಗೇರಿ ಸೋವಿಯತ್ ಬಣದಲ್ಲಿತ್ತು, ಭಾರತ ಯಾವ ಬಣಕ್ಕೂ ಸೇರದೆ ನಿಂತಿತ್ತು. ಅಂಥ ಊರಿನಲ್ಲಿ ಪತ್ರಿಕೆ ಓದಿ ಸತ್ಯ ತಿಳಿಯುವಂತಿರಲಿಲ್ಲ. ಬರೆಯದೆ ಬಿಟ್ಟದ್ದನ್ನು, ಹೇಳದೆ ನುಂಗಿದ್ದನ್ನು ಗ್ರಹಿಸಿ ವರದಿ ಮಾಡಬೇಕಿತ್ತು.

ಇವೆಲ್ಲಕ್ಕೂ ಇಂದು ಆಧಾರ 1961ರ ವಿಯೆನ್ನಾ ಒಪ್ಪಂದ. ರಾಯಭಾರಿಯನ್ನು ಬಂಧಿಸುವಂತಿಲ್ಲ, ಕಚೇರಿಯೊಳಗೆ ಅನುಮತಿಯಿಲ್ಲದೆ ಪೊಲೀಸರು ಕಾಲಿಡುವಂತಿಲ್ಲ, ಅಧಿಕೃತ ಪತ್ರಗಳ ಚೀಲ ತೆರೆಯುವಂತಿಲ್ಲ. ರಾಯಭಾರ ಕಚೇರಿಯ ನೆಲವೇ ಆ ಹೊರದೇಶದ್ದು ಎಂಬ ನಂಬಿಕೆ ಬಹಳ ಕಡೆ ಇದೆ, ಅದು ತಪ್ಪು. ನೆಲ ಆತಿಥೇಯ ದೇಶದ್ದೇ, ಒಳಗೆ ನುಗ್ಗುವ ಹಕ್ಕು ಮಾತ್ರ ಇಲ್ಲ. ಈ ರಕ್ಷಣೆ ಇರುವುದು ವ್ಯಕ್ತಿಯ ಸುಖಕ್ಕಲ್ಲ, ಕೆಲಸ ನಿರ್ಭಯವಾಗಿ ನಡೆಯಲೆಂದು. ಅದನ್ನು ದುರುಪಯೋಗ ಮಾಡಿಕೊಂಡವರನ್ನು ‘ನಮಗೆ ಬೇಡವಾದ ವ್ಯಕ್ತಿ’ ಎಂದು ಘೋಷಿಸಿ ವಾಪಸು ಕಳಿಸಬಹುದು.

ವಜಾ ಆದರೂ ಗೆದ್ದ ಅರ್ಜಿ

ಈಗ ಈ ಕಥೆಯ ಮುಖ್ಯ ಗಂಟು. ಸೇವೆಯ ಕೆಳಗಿನ ಹಂತಗಳಲ್ಲಿ ಬಡ್ತಿ ಹೆಚ್ಚುಕಡಿಮೆ ವರ್ಷಗಳ ಲೆಕ್ಕದಲ್ಲಿ ಬರುತ್ತದೆ. ಮೇಲೆ ಹೋದಂತೆ ಹುದ್ದೆಗಳು ಕಡಿಮೆ, ಕಾಯುವವರು ಹೆಚ್ಚು. ಅತಿ ಮೇಲಿನ ದರ್ಜೆಗೆ ‘ಅರ್ಹತೆ’ ನೋಡಿ ಆರಿಸುತ್ತಾರೆ. ಹಿರಿಯರು ವರ್ಷವರ್ಷ ಬರೆದ ಗೋಪ್ಯ ವರದಿಗಳನ್ನು ಒಂದು ಸಣ್ಣ ಸಮಿತಿ ನೋಡುತ್ತದೆ, ಕೊನೆಯ ಮಾತು ಸಂಪುಟದ ನೇಮಕಾತಿ ಸಮಿತಿಯದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅರ್ಹತೆ ಎಂಬ ಒಂದೇ ಮಾತಿನ ಹಿಂದೆ ಏನೂ ಅಡಗಿಕೊಳ್ಳಬಹುದು. ಮುತ್ತಮ್ಮನವರಿಗೆ ಮೊದಲ ದರ್ಜೆಯ ಬಡ್ತಿ ತಪ್ಪಿತು, ಅವರಿಗಿಂತ ಕಿರಿಯರು ಮೇಲೆ ಹೋದರು. ಹೆಣ್ಣೆಂಬ ಕಾರಣಕ್ಕೆ ತನ್ನನ್ನು ಹಿಂದೆ ತಳ್ಳಿದ್ದಾರೆ ಎಂದು ಅವರು ಸುಪ್ರೀಂ ಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. ಆಗಲೂ ಅವರು ಸೇವೆಯಲ್ಲಿದ್ದರು. ಹೊರದೇಶದಲ್ಲಿ ಯಾರ ಪರವಾಗಿ ಮಾತಾಡುತ್ತಿದ್ದರೋ ಅದೇ ಸರ್ಕಾರದ ಮೇಲೆ ದಾವೆ ಹೂಡುವ ಧೈರ್ಯ ಎಂಥದ್ದು ಎಂದು ಈಗ ಕೂತು ಯೋಚಿಸಿದರೂ ಮೈ ಜುಮ್ಮೆನ್ನುತ್ತದೆ.

ಅರ್ಜಿ ಬಡ್ತಿಗೆ ಮಾತ್ರ ನಿಲ್ಲಲಿಲ್ಲ, ಎರಡು ನಿಯಮಗಳನ್ನೂ ಎಳೆದು ತಂದಿತು. ಎರಡೂ 1961ರವು. ನಡತೆ ನಿಯಮಗಳ 8(2)ರ ಪ್ರಕಾರ ಹೆಣ್ಣು ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಮನೆವಾರ್ತೆ ಕೆಲಸಕ್ಕೆ ಅಡ್ಡಿಯಾದೀತು ಎಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ನೇಮಕಾತಿ ನಿಯಮಗಳ 18(4) ಇನ್ನೂ ನೇರ: ಮದುವೆಯಾದ ಯಾವ ಹೆಣ್ಣಿಗೂ ಈ ಸೇವೆಗೆ ನೇಮಕವಾಗುವ ಹಕ್ಕಿಲ್ಲ. ಮುತ್ತಮ್ಮ ಸೇರಿದಾಗ ಬರೆಸಿಕೊಂಡ ಮುಚ್ಚಳಿಕೆಯ ಹಿಂದಿದ್ದ ಮನೋಭಾವವೇ ಹನ್ನೆರಡು ವರ್ಷಗಳ ನಂತರ ಅಚ್ಚಾದ ನಿಯಮಗಳಲ್ಲೂ ಕೂತಿತ್ತು.

ತೀರ್ಪು 1979ರ ಸೆಪ್ಟೆಂಬರ್ 17ರಂದು ಬಂತು. ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಸಂವಿಧಾನದ 14 ಮತ್ತು 16ನೇ ವಿಧಿಗಳು ನಿಜವೋ ಕಟ್ಟುಕಥೆಯೋ ಎಂದು ಅನುಮಾನ ಹುಟ್ಟಿಸುವ ಸಂಗತಿ ಇದು ಎಂದೇ ತೀರ್ಪು ಆರಂಭವಾಗುತ್ತದೆ. 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ, 16ನೆಯದು ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಕೊಡುತ್ತದೆ. ಹೆಣ್ಣಿನ ಮನೆವಾರ್ತೆ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಮನೆವಾರ್ತೆ ಆಗುವುದಿಲ್ಲವೇ ಎಂದು ಕೋರ್ಟು ಕೇಳಿತು. ಮದುವೆಯಾದ ಗಂಡಿಗೆ ಒಂದು ಹಕ್ಕಿದ್ದರೆ, ಉಳಿದೆಲ್ಲ ಸಮವಾಗಿರುವಾಗ ಮದುವೆಯಾದ ಹೆಣ್ಣಿಗೂ ಅದು ಇರಲೇಬೇಕು ಎಂದಿತು.

ಓದುಗರನ್ನು ಗೊಂದಲಕ್ಕೆ ಬೀಳಿಸುವ ಸಂಗತಿ ಮುಂದಿದೆ: ಕೋರ್ಟು ಕೊನೆಯಲ್ಲಿ ಅರ್ಜಿಯನ್ನು ವಜಾ ಮಾಡಿತು. ಹಾಗಾದರೆ ಇದನ್ನು ಗೆಲುವೆಂದು ಕರೆಯುವುದೇಕೆ? ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಸರ್ಕಾರ ಮುತ್ತಮ್ಮನವರಿಗೆ ಬಡ್ತಿ ಕೊಟ್ಟಿತ್ತು. 18(4)ನ್ನು 1973ರ ನವೆಂಬರ್‌ನಲ್ಲೇ ತೆಗೆದುಹಾಕಿದ್ದೇವೆ, 8(2)ನ್ನೂ ತೆಗೆಯುತ್ತಿದ್ದೇವೆ ಎಂದು ಪ್ರಮಾಣಪತ್ರ ಸಲ್ಲಿಸಿತು. ಕೇಳಿದ್ದು ಕೈಗೆ ಬಂದ ಮೇಲೆ ಕೋರ್ಟು ಆದೇಶಿಸಲು ಹೆಚ್ಚೇನೂ ಉಳಿಯುವುದಿಲ್ಲ, ಅರ್ಜಿ ವಜಾ ಆಗುತ್ತದೆ. ಆದರೂ ಕೃಷ್ಣ ಅಯ್ಯರ್ ಸುಮ್ಮನೆ ಕಡತ ಮುಚ್ಚಲಿಲ್ಲ. ನಡುವಿನ ತಿಂಗಳುಗಳಲ್ಲಿ ಕಿರಿಯರು ಮುಂದೆ ಹೋಗಿದ್ದರಿಂದ ಆದ ಜ್ಯೇಷ್ಠತೆಯ ನಷ್ಟವನ್ನು ಮರುಪರಿಶೀಲಿಸಿ ಎಂದರು. ಯಾರಾದರೂ ರಿಟ್ ಹಾಕಲಿ ಎಂದು ಕಾಯದೆ ಎಲ್ಲ ಸೇವಾ ನಿಯಮಗಳಿಂದಲೂ ಲಿಂಗಭೇದದ ಕಲೆಯನ್ನು ತೊಳೆಯಿರಿ ಎಂದು ಸರ್ಕಾರಕ್ಕೆ ಹೇಳಿದರು. ಅರ್ಜಿದಾರರು ಕೋರ್ಟಿನ ಬಾಗಿಲು ತಟ್ಟಿದ ಮೇಲೆ ಆಡಳಿತ ತಾನಾಗಿ ಸರಿಹೋಗುವುದು ನಮ್ಮ ದೇಶದಲ್ಲಿ ಆಗಾಗ ನಡೆಯುತ್ತದೆ. ಅಂಥ ಕಡೆ ವಜಾ ಎಂಬ ಕೊನೆಯ ಸಾಲನ್ನು ಮಾತ್ರ ಓದಿದರೆ ನಡೆದದ್ದು ತಿಳಿಯುವುದಿಲ್ಲ.

ತೀರ್ಪಿನಲ್ಲಿ ಒಂದು ಮಿತಿಯೂ ಇದೆ. ಎಲ್ಲ ಉದ್ಯೋಗಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಗಂಡುಹೆಣ್ಣು ಸಮ ಎಂದು ಸಾರಾಸಗಟಾಗಿ ಹೇಳುತ್ತಿಲ್ಲ, ಕೆಲಸದ ಸ್ವರೂಪ ಬೇಡುವ ಕಡೆ ವ್ಯತ್ಯಾಸ ಇರಬಹುದು ಎಂದು ಅದೇ ಕೃಷ್ಣ ಅಯ್ಯರ್ ಬರೆದರು. ಅಷ್ಟು ಬಿಚ್ಚುಮಾತಿನ ನ್ಯಾಯಾಧೀಶರೂ ಅಂದು ಅಲ್ಲಿಗೆ ನಿಂತರು. ಸೇನೆಯಂಥ ಕಡೆಗಳಲ್ಲಿ ಉಳಿದ ಬಾಗಿಲುಗಳನ್ನು ತೆರೆಸಲು ಹೆಣ್ಣುಮಕ್ಕಳು ಮತ್ತೆ ಕೋರ್ಟಿಗೆ ಹೋಗಬೇಕಾಯಿತು, ಅದಕ್ಕೆ ಇನ್ನೂ ನಾಲ್ಕು ದಶಕ ಹಿಡಿಯಿತು.

ಸರ್ಕಾರಿ ನಿವೃತ್ತಿಯ ವಯಸ್ಸು ಆಗ 58. 1982ರಲ್ಲಿ ಮುತ್ತಮ್ಮ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಲ್ಮೆ ಅವರ ನೇತೃತ್ವದಲ್ಲಿ 1980ರಲ್ಲಿ ರಚನೆಯಾದ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಅವರು ಸದಸ್ಯರಾಗಿದ್ದರು. ಎರಡು ಬಣಗಳು ಅಣುಬಾಂಬು ಹಿಡಿದು ನಿಂತ ಕಾಲದಲ್ಲಿ, ಎದುರಾಳಿಯನ್ನು ಭಯಪಡಿಸಿ ಯಾರೂ ಸುರಕ್ಷಿತರಾಗಲಾರರು, ಸುರಕ್ಷತೆ ಇಬ್ಬರಿಗೂ ಒಟ್ಟಿಗೇ ಬರಬೇಕು ಎಂದು ವಾದಿಸಿದ ಆಯೋಗ ಅದು. ಆಮೇಲೆ ಆಡಳಿತದ ಬಗ್ಗೆ ಪ್ರಬಂಧಗಳನ್ನು ಬರೆದರು, ಕೊಡವ ಅಡುಗೆಯ ಬಗ್ಗೆ ಸಹಲೇಖಕಿಯಾಗಿ ಪುಸ್ತಕ ತಂದರು. ದೇಶದೇಶಗಳ ಊಟದ ಮೇಜಿನಲ್ಲಿ ಕೂತು ಬಂದವರು ತಮ್ಮ ಮನೆಯ ಅಡುಗೆಯನ್ನು ಬರೆದಿಡಬೇಕೆಂದುಕೊಂಡದ್ದು ನನಗೆ ತುಂಬ ಇಷ್ಟವಾದ ವಿವರ.

2009ರ ಆಗಸ್ಟ್ 1ರಂದು, ಬೆಂಗಳೂರಿನಲ್ಲಿ ಓದಿದ ನಿರುಪಮಾ ರಾವ್ ವಿದೇಶಾಂಗ ಕಾರ್ಯದರ್ಶಿಯಾದರು. ಆ ಹುದ್ದೆಗೆ ಬಂದ ಎರಡನೆಯ ಮಹಿಳೆ ಅವರು. ಮೊದಲನೆಯವರು 2001ರಲ್ಲಿ ಬಂದ ಚೋಕಿಲಾ ಅಯ್ಯರ್. ನಿರುಪಮಾ ಅವರ ಪತಿ ಸುಧಾಕರ ರಾವ್ ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ಗಂಡ ರಾಜ್ಯದ ಆಡಳಿತದ ತುದಿಗೆ, ಹೆಂಡತಿ ದೇಶದ ವಿದೇಶಾಂಗ ವ್ಯವಹಾರದ ತುದಿಗೆ. ಹಳೆಯ 8(2)ರ ಕಣ್ಣಿನಲ್ಲಿ ಇದು ಅಸಾಧ್ಯವಾದ ಸಂಸಾರ. ಮುತ್ತಮ್ಮ ಆಗ ಬದುಕಿದ್ದರು. ಅದೇ ವರ್ಷ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಕಡೆಯ ಹುಡುಗ ಹುಡುಗಿಯರು ಈ ದಾರಿ ಹಿಡಿಯಬೇಕೆಂದರೆ ಬೇಕಾದ ಮಾಹಿತಿ ಇಷ್ಟು. ಯಾವುದೇ ಪದವಿ ಸಾಕು. ಪರೀಕ್ಷೆ ಐಎಎಸ್‌ಗೆ ಬರೆಯುವ ಅದೇ ನಾಗರಿಕ ಸೇವಾ ಪರೀಕ್ಷೆ, ಆದ್ಯತಾ ಪಟ್ಟಿಯಲ್ಲಿ ವಿದೇಶಾಂಗ ಸೇವೆಯನ್ನು ಮೇಲೆ ಬರೆಯಬೇಕು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು, ಸಂದರ್ಶನಕ್ಕೂ ಕನ್ನಡವನ್ನು ಆರಿಸಿಕೊಳ್ಳಬಹುದು. ಒಟ್ಟು 2,025 ಅಂಕಗಳಲ್ಲಿ ಸಂದರ್ಶನಕ್ಕೆ ಇರುವುದು 275. ಸೇವೆಗೆ ವರ್ಷಕ್ಕೆ ಆಯ್ಕೆಯಾಗುವವರು ಸುಮಾರು ಮೂವತ್ತರಿಂದ ಐವತ್ತು ಜನ. ಆಯ್ಕೆಯಾದ ಮೇಲೆ ಮಸ್ಸೂರಿ, ಆಮೇಲೆ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿ. ಅಷ್ಟು ಮುಗಿದಾಗ ಪ್ರತಿಯೊಬ್ಬರಿಗೂ ಒಂದು ವಿದೇಶಿ ಭಾಷೆ ಗೊತ್ತುಮಾಡುತ್ತಾರೆ: ಅರಬ್ಬಿ, ಚೀನಿ, ರಷ್ಯನ್, ಸ್ಪ್ಯಾನಿಷ್, ಫ್ರೆಂಚ್, ಜಪಾನಿ, ಹೀಗೆ. ಆ ಭಾಷೆಯಲ್ಲಿ ಪರೀಕ್ಷೆ ಪಾಸಾಗದೆ ಹುದ್ದೆ ಕಾಯಂ ಆಗುವುದಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಕೊಡವ ತಕ್ಕ್ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್ ಆಡಿಕೊಂಡು ಬೆಳೆದ ಮಲೆನಾಡಿನ ಮಕ್ಕಳು ಆ ಹಂತಕ್ಕೆ ಅಂಜಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.